ಗರ ಮೊದಲು, ಎಲೆ ಆಮೇಲೆ

ದಾಳವನ್ನೂ ಎಲೆಗಳನ್ನೂ ಒಂದೇ ಆಟದಲ್ಲಿ ಕೂಡಿಸಲು ಹೊರಡುವವರು ಸಾಮಾನ್ಯವಾಗಿ ಎರಡನ್ನೂ ಅದೃಷ್ಟದ ಸಾಧನಗಳೆಂದು ಭಾವಿಸಿ ಎರಡಕ್ಕೂ ಒಂದೇ ಕೆಲಸವನ್ನು ಒಪ್ಪಿಸುತ್ತಾರೆ, ಮತ್ತು ಆಟ ಕೆಡುವುದು ಬಹುಮಟ್ಟಿಗೆ ಅಲ್ಲಿಯೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿನಾಡಿಗೆ ಈ ಎರಡೂ ಹಳೆಯ ಪರಿಚಯಗಳೇ. ಮನೆಯ ಫರಸಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಆಡುವ ಕವಡೆಯ ಚೌಕಾಬಾರವಿದೆ, ಕನ್ನಡದವರು ಪಗಡೆಯೆಂದೂ ಮರಾಠಿಯವರು ಸಾರಿಪಾಟವೆಂದೂ ಕರೆಯುವ ಬಟ್ಟೆಹಾಸಿನ ಆಟವಿದೆ, ಮರದ ಕಟ್ಟೆಯ ಮೇಲಿನ ಇಸ್ಪೀಟಂತೂ ಇದ್ದೇ ಇದೆ. ಈ ಆಟಗಳನ್ನು ಬಿಡಿಸಿ ನೋಡಿದರೆ, ಮೇಜಿನ ಮೇಲೆ ಆಡುವ ಹೊಸ ಎಲೆಯಾಟವೊಂದರಲ್ಲಿ ದಾಳಕ್ಕೆ ಯಾವ ಸ್ಥಾನ ಕೊಡಬೇಕೆಂಬ ಪ್ರಶ್ನೆಗೆ ಸಾಕಷ್ಟು ಉತ್ತರ ಸಿಗುತ್ತದೆ.

ದಾಳಕ್ಕೂ ಎಲೆಗೂ ಇರುವ ಮೂಲ ವ್ಯತ್ಯಾಸ ನೆನಪಿಗೆ ಸಂಬಂಧಿಸಿದ್ದು. ಆರು ಮುಖದ ದಾಳವನ್ನು ಉರುಳಿಸಿದಾಗ ಆರು ಬೀಳುವ ಸಂಭವನೀಯತೆ, ಅಂದರೆ ಅದು ಎಷ್ಟರಲ್ಲಿ ಎಷ್ಟು ಸಲ ಬಿದ್ದೀತೆಂಬ ಲೆಕ್ಕ, ಆರರಲ್ಲಿ ಒಂದು. ಹಿಂದಿನ ಹತ್ತು ಗರಗಳಲ್ಲಿ ಆರು ಒಮ್ಮೆಯೂ ಬೀಳದಿದ್ದರೂ, ಹತ್ತಕ್ಕೆ ಹತ್ತೂ ಆರೇ ಬಿದ್ದಿದ್ದರೂ, ಹನ್ನೊಂದನೆಯ ಗರಕ್ಕೆ ಅದರ ಅರಿವಿಲ್ಲ. ಎಲೆಗಳ ಕಟ್ಟು ಹಾಗಲ್ಲ. 52 ಎಲೆಗಳಲ್ಲಿ 4 ಎಕ್ಕಾಗಳಿರುವಾಗ ಮೊದಲ ಎಲೆ ಎಕ್ಕಾ ಆಗುವ ಸಾಧ್ಯತೆ 13ರಲ್ಲಿ 1. 20 ಎಲೆಗಳು ಕೆಳಗಿಳಿದು ಅವುಗಳಲ್ಲಿ 3 ಎಕ್ಕಾಗಳು ಕಂಡಿದ್ದರೆ ಅದು 32ರಲ್ಲಿ 1ಕ್ಕೆ ಕುಸಿಯುತ್ತದೆ. ಹೋದದ್ದು ಮತ್ತೆ ಬರುವುದಿಲ್ಲವಾದ್ದರಿಂದ, ಹೋದದ್ದನ್ನು ನೆನಪಿಟ್ಟುಕೊಂಡವನಿಗೆ ಬರುವುದರ ಬಗ್ಗೆ ಉಳಿದವರಿಗಿಂತ ಹೆಚ್ಚು ತಿಳಿದಿರುತ್ತದೆ.

ಈ ವ್ಯತ್ಯಾಸ ಕಾನೂನಿನ ದೃಷ್ಟಿಯಲ್ಲೂ ತೂಕದ್ದು. 1967ರಲ್ಲಿ ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಪರಿಗಣಿಸಿತು; ಬಿದ್ದ ಎಲೆಗಳನ್ನು ನೆನಪಿನಲ್ಲಿ ಇರಿಸಿಕೊಂಡು, ಯಾವುದನ್ನು ಕೈಯಲ್ಲಿ ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದರಲ್ಲಿ ಗಣನೀಯ ಜಾಣ್ಮೆ ಬೇಕು ಎಂಬುದು ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಬರೆದ ಆ ತೀರ್ಪಿನ ತಿರುಳು. ಮೂರು ಎಲೆಯ ಆಟವನ್ನು ಅದೇ ತೀರ್ಪು ಶುದ್ಧ ಅದೃಷ್ಟದ ಕಡೆಗೆ ಸರಿಸಿತು. ನ್ಯಾಯಾಲಯ ತೂಗಿದ್ದು ಎಲೆಯನ್ನಲ್ಲ, ಎಲೆ ಆಡುವವನಿಗೆ ಬಿಟ್ಟುಕೊಡುವ ತೀರ್ಮಾನವನ್ನು ಎಂಬುದು ಆಟ ರಚಿಸುವವರು ಗಮನಿಸಬೇಕಾದ ಅಂಶ.

ಏಕೆಂದರೆ ಎಲೆಗಳಿದ್ದ ಮಾತ್ರಕ್ಕೆ ಆಟದಲ್ಲಿ ಜಾಣ್ಮೆ ಬಂದುಬಿಡುವುದಿಲ್ಲ. ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುವ ಅಂದರ್–ಬಾಹರ್‌ನಲ್ಲಿ ಒಂದು ಎಲೆಯನ್ನು ತೆರೆದಿಟ್ಟು, ಅದೇ ಅಂಕಿಯ ಇನ್ನೊಂದು ಎಲೆ ಎಡಕ್ಕೆ ಬೀಳುವುದೋ ಬಲಕ್ಕೆ ಬೀಳುವುದೋ ಎಂದು ಹಣ ಕಟ್ಟಲಾಗುತ್ತದೆ. ಮೊದಲ ಎಲೆ ಬೀಳುವ ಪಕ್ಕಕ್ಕೆ ಗೆಲುವು ನೂರಕ್ಕೆ ಸುಮಾರು 51.5 ಸಲ ಒಲಿಯುತ್ತದೆ ಎಂಬುದನ್ನು ಬಿಟ್ಟರೆ ಅಲ್ಲಿ ತಿಳಿಯಬೇಕಾದದ್ದು ಹೆಚ್ಚಿಲ್ಲ. ಕಟ್ಟಿಗೆ ನೆನಪಿದೆ, ಆದರೆ ಹಣ ಕಟ್ಟಿದವನ ತೀರ್ಮಾನ ಆ ನೆನಪು ಹುಟ್ಟುವ ಮೊದಲೇ ಮುಗಿದಿರುತ್ತದೆ. ಎಲೆ ಅಲ್ಲಿ ದಾಳದ ಕೆಲಸವನ್ನೇ ಮಾಡುತ್ತದೆ.

ಇದಕ್ಕೆ ಪ್ರತಿಯಾಗಿ ಚೌಕಾಬಾರವನ್ನು ನೋಡಬಹುದು. ಉದ್ದಕ್ಕೂ ಅಗಲಕ್ಕೂ ಐದೈದು ಮನೆಗಳ ಚೌಕ, ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಎಲ್ಲರಿಗೂ ಸೇರಿ ನಾಲ್ಕು ಕವಡೆ. ಕವಡೆ ಇಲ್ಲದಲ್ಲಿ ಸೀಳಿದ ಹುಣಸೆಬೀಜ. ಎಷ್ಟು ಕವಡೆಗಳು ಬಾಯಿ ಮೇಲೆ ಮಾಡಿ ಬೀಳುತ್ತವೆಯೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ನಾಲ್ಕು, ನಾಲ್ಕೂ ಕವುಚಿದರೆ ಎಂಟು, ಮತ್ತು ಈ ಎರಡು ಗರಗಳಿಗೆ ಇನ್ನೊಂದು ಗರದ ಉಡುಗೊರೆ. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುತ್ತದೆಯೆಂದು ಇಟ್ಟುಕೊಂಡರೆ 16 ಗರಗಳಲ್ಲಿ ಸರಾಸರಿ 6 ಸಲ ಎರಡು, ತಲಾ 4 ಸಲ ಒಂದು ಮತ್ತು ಮೂರು, ತಲಾ ಒಂದೇ ಸಲ ನಾಲ್ಕು ಮತ್ತು ಎಂಟು ಬೀಳಬೇಕು. ನಿಜವಾದ ಕವಡೆ ಅಷ್ಟು ಸಮವಾಗಿ ಬೀಳುವುದಿಲ್ಲ, ಅದರ ಬೆನ್ನಿನ ಉಬ್ಬು ಪ್ರತಿಯೊಂದರಲ್ಲೂ ಬೇರೆ. ಆದರೂ ಲೆಕ್ಕದ ಆಕಾರ ಇದೇ, ನಡುವಿನ ಗರಗಳು ಹೇರಳ, ತುದಿಯ ಗರಗಳು ಅಪರೂಪ. ಒಂದೇ ದಾಳದಲ್ಲಿ ಈ ಏರಿಳಿತವಿಲ್ಲ, ಎಲ್ಲ ಮುಖಕ್ಕೂ ಸಮಾನ ಹಕ್ಕು.

ಮುಖ್ಯವಾದದ್ದು ಗರ ಬಿದ್ದ ಮೇಲಿನದು. ಮೂರು ಬಿತ್ತೆಂದರೆ ನಾಲ್ಕು ಕಾಯಿಗಳಲ್ಲಿ ಯಾವುದನ್ನು ಮೂರು ಮನೆ ನಡೆಸಬೇಕು? ಕಟ್ಟೆಯಲ್ಲಿ ಸುರಕ್ಷಿತವಾಗಿ ಕುಳಿತ ಕಾಯನ್ನು ಹೊರಡಿಸಬೇಕೋ, ಬೆನ್ನ ಹಿಂದೆ ಎದುರಾಳಿ ಎರಡು ಮನೆ ದೂರದಲ್ಲಿರುವ ಕಾಯನ್ನು ದಾಟಿಸಬೇಕೋ, ಅಥವಾ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮವನ್ನು ನೆನೆದು ಹೊಡೆತಕ್ಕೆ ಹೋಗಬೇಕೋ? ಎದುರಾಳಿ ಎರಡು ಮನೆ ಹಿಂದಿದ್ದರೆ ಅಪಾಯ ಹೆಚ್ಚು, ನಾಲ್ಕು ಮನೆ ಹಿಂದಿದ್ದರೆ ಕಡಿಮೆ ಎಂಬುದನ್ನು ಸಂಭವನೀಯತೆಯ ಹೆಸರನ್ನೇ ಕೇಳದ ಅಜ್ಜಿಯರೂ ಬಲ್ಲರು. ಇಲ್ಲಿ ಅದೃಷ್ಟ ಮೊದಲು ಮಾತಾಡುತ್ತದೆ, ಆಟಗಾರ ಅದಕ್ಕೆ ಉತ್ತರಿಸುತ್ತಾನೆ. ಆಟದ ವಿನ್ಯಾಸಕಾರರು ಇದನ್ನು ತೀರ್ಮಾನಕ್ಕೆ ಮುಂಚಿನ ಯಾದೃಚ್ಛಿಕತೆ ಎಂದು ಗುರುತಿಸುತ್ತಾರೆ. ಯಾದೃಚ್ಛಿಕತೆಯೆಂದರೆ ಯಾರ ಇಚ್ಛೆಗೂ ಒಳಪಡದೆ ಬರುವ ಫಲ. ತೀರ್ಮಾನ ಮುಗಿದ ಮೇಲೆ ದಾಳ ಉರುಳಿ ಸೋಲು ಗೆಲುವನ್ನು ಹೇಳುವುದು ಇದರ ಇನ್ನೊಂದು ಬಗೆ, ತೀರ್ಮಾನಾನಂತರದ ಯಾದೃಚ್ಛಿಕತೆ.

ಪಗಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಉದ್ದನೆಯ ನಾಲ್ಕು ಮುಖದ ದಾಳಗಳಲ್ಲಿ ಕೆಲವೆಡೆ 1, 3, 4, 6, ಇನ್ನು ಕೆಲವೆಡೆ 1, 2, 5, 6 ಚುಕ್ಕಿಗಳಿರುತ್ತವೆ. ಮೊದಲ ಬಗೆಯ ಎರಡು ದಾಳಗಳನ್ನು ಕೂಡಿಸಿದರೆ ಎರಡರಿಂದ ಹನ್ನೆರಡರವರೆಗಿನ ಮೊತ್ತಗಳಲ್ಲಿ ಮೂರೂ ಹನ್ನೊಂದೂ ಎಂದಿಗೂ ಬರುವುದಿಲ್ಲ. ಎದುರಾಳಿಯಿಂದ ಹನ್ನೊಂದು ಮನೆ ದೂರ ನಿಂತ ಕಾಯಿಗೆ ಒಂದೇ ಏಟಿನ ಭಯವಿಲ್ಲವೆಂದಾಯಿತು. ಎರಡೂ ದಾಳಗಳ ಎಣಿಕೆಯನ್ನು ಒಂದೇ ಕಾಯಿಗೆ ಹಾಕುವುದೋ ಎರಡು ಕಾಯಿಗಳಿಗೆ ಹಂಚುವುದೋ ಎಂಬ ಆಯ್ಕೆ ಸೇರಿದ ಕೂಡಲೇ ಒಂದು ಗರದಿಂದ ಹಲವು ದಾರಿಗಳು ತೆರೆಯುತ್ತವೆ. 1896ರಲ್ಲಿ ಇಂಗ್ಲೆಂಡಿನಲ್ಲಿ ಪಗಡೆಯ ಬಳಗದ ಪಚ್ಚೀಸಿಯಿಂದ ಹುಟ್ಟಿ ಪೇಟೆಂಟ್ ಪಡೆದ ಲೂಡೋ ಮಾಡಿದ ದೊಡ್ಡ ನಷ್ಟವೆಂದರೆ ಒಂದೇ ಘನದಾಳವನ್ನು ತಂದು ಈ ದಾರಿಗಳನ್ನು ಮುಚ್ಚಿದ್ದು. ಮಕ್ಕಳಿಗೆ ಸುಲಭವಾಯಿತು ನಿಜ.

ದಾಳದ ಬಗೆಗಿನ ಈ ಆಸಕ್ತಿ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಸನ ವಿನೋದಗಳಲ್ಲಿ ದಾಳದ ಆಟವನ್ನೂ ಕವಡೆಯ ಆಟವನ್ನೂ ವಿವರಿಸುತ್ತದೆ. ಅದಕ್ಕೂ ಹಿಂದೆ, ಮಹಾಭಾರತದ ವನಪರ್ವದ ನಳೋಪಾಖ್ಯಾನದಲ್ಲಿ, ಋತುಪರ್ಣನು ತಾರೆಮರವೊಂದರ ಎಲೆ ಕಾಯಿಗಳನ್ನು ನಿಂತ ಕಾಲಲ್ಲೇ ಎಣಿಸಿ ತೋರಿಸಿ, ನಳನ ಅಶ್ವಹೃದಯವೆಂಬ ಕುದುರೆಯ ವಿದ್ಯೆಗೆ ಬದಲಾಗಿ ತನ್ನ ಅಕ್ಷಹೃದಯವೆಂಬ ದಾಳದ ವಿದ್ಯೆಯನ್ನು ಕೊಡುತ್ತಾನೆ. ವೇದಕಾಲದ ಜೂಜಿನಲ್ಲಿ ದಾಳವಾಗಿದ್ದದ್ದು ಅದೇ ತಾರೆಮರದ ಕಾಯಿ. ಎಣಿಕೆಯ ವಿದ್ಯೆಯೂ ದಾಳದ ವಿದ್ಯೆಯೂ ಒಂದೇ ಎಂದು ಆ ಕಥೆ ಕಟ್ಟಿದವರಿಗೆ ಹೊಳೆದಿತ್ತೆಂಬುದು ಸಣ್ಣ ಮಾತಲ್ಲ.

ದಾಳ ಮತ್ತು ಎಲೆಗಳ ನೇರ ಮಿಲನಕ್ಕೆ ಉದಾಹರಣೆ ಬೇಕಾದರೆ ಅದು ಅರಮನೆಯಲ್ಲಿ ಸಿಗುವುದಿಲ್ಲ, ಜಾತ್ರೆಯ ಅಂಚಿನಲ್ಲಿ ಸಿಗುತ್ತದೆ. ಕರ್ನಾಟಕದ ಜಾತ್ರೆಗಳಲ್ಲಿ ಗುಡುಗುಡಿಯೆಂದೂ ಉತ್ತರ ಭಾರತದಲ್ಲಿ ಝಂಡಿ–ಮುಂಡಾ ಎಂದೂ ನೇಪಾಳದಲ್ಲಿ ಲಂಗೂರ್–ಬುರ್ಜಾ ಎಂದೂ ಕರೆಸಿಕೊಳ್ಳುವ ಜೂಜಿನ ಬಳಗದಲ್ಲಿ ದಾಳದ ಮುಖಗಳ ಮೇಲೆ ಚುಕ್ಕಿಗಳ ಬದಲು ಚಿತ್ರಗಳಿರುತ್ತವೆ. ಇಸ್ಪೀಟು, ಆಟೀನು, ಡೈಮಂಡು, ಕಳಾವರ, ಜೊತೆಗೆ ಬಾವುಟ ಮತ್ತು ಮುಖ ಅಥವಾ ಕಿರೀಟ. ಬ್ರಿಟಿಷ್ ನಾವಿಕರ ನಡುವೆ ಪ್ರಚಲಿತವಾಗಿದ್ದ ಕಿರೀಟ–ಲಂಗರು ಎಂಬ ಮೂರು ದಾಳಗಳ ಆಟವೂ ಇದೇ ಬಳಗದ್ದು. ಅದರಲ್ಲಿ ಒಂದು ಚಿತ್ರಕ್ಕೆ ಹಣ ಕಟ್ಟಿದರೆ, 216 ಬಗೆಯ ಗರಗಳಲ್ಲಿ 125ರಲ್ಲಿ ಆ ಚಿತ್ರ ಬರುವುದೇ ಇಲ್ಲ, 75ರಲ್ಲಿ ಒಂದು ದಾಳದಲ್ಲಿ, 15ರಲ್ಲಿ ಎರಡರಲ್ಲಿ, ಒಂದರಲ್ಲಿ ಮಾತ್ರ ಮೂರರಲ್ಲೂ ಬರುತ್ತದೆ. ಬಂದಷ್ಟು ದಾಳಗಳಿಗೆ ಅಷ್ಟು ಪಟ್ಟು ಹಣ ಎಂಬ ಉದಾರವಾಗಿ ತೋರುವ ನಿಯಮದಲ್ಲಿ ಕಟ್ಟಿದ ಪ್ರತಿ ನೂರು ರೂಪಾಯಿಯಲ್ಲಿ ಸರಾಸರಿ 7 ರೂಪಾಯಿ 87 ಪೈಸೆ ಆಡಿಸುವವನ ಜೇಬಿಗೆ ಸೇರುತ್ತದೆ. ಎಲೆಯ ಚಿಹ್ನೆಗಳು ದಾಳಕ್ಕೆ ಬಂದವು, ಎಲೆಯ ನೆನಪು ಬರಲಿಲ್ಲ. ತೀರ್ಮಾನವೂ ಗರಕ್ಕಿಂತ ಮೊದಲೇ ಮುಗಿಯಿತು. ಇಂಥ ಬೆರಕೆ ಜೂಜಿಗೆ ಒಳ್ಳೆಯದು, ಆಟಕ್ಕಲ್ಲ.

ಆಧುನಿಕ ಮೇಜಿನ ಆಟಗಳಲ್ಲಿ ಎರಡೂ ದಾರಿಗಳು ಕಾಣುತ್ತವೆ. ಜರ್ಮನಿಯ ಕ್ಲಾಸ್ ಟಾಯ್ಬರ್ 1995ರಲ್ಲಿ ಹೊರತಂದ ಕಟಾನ್‌ನಲ್ಲಿ ಸರದಿಯ ಆರಂಭದಲ್ಲೇ ಎರಡು ದಾಳ ಉರುಳುತ್ತವೆ, ಮೊತ್ತಕ್ಕೆ ಹೊಂದುವ ನೆಲದ ಪಕ್ಕದಲ್ಲಿ ಊರು ಕಟ್ಟಿದವರಿಗೆ ಮರ, ಇಟ್ಟಿಗೆ, ಧಾನ್ಯದಂಥ ಎಲೆಗಳು ಸಿಗುತ್ತವೆ, ಆಮೇಲೆ ವಿನಿಮಯ ಮತ್ತು ಕಟ್ಟೋಣ. ಏಳು ಬಿದ್ದರೆ, ಕೈಯಲ್ಲಿ ಏಳಕ್ಕಿಂತ ಹೆಚ್ಚು ಎಲೆಗಳನ್ನು ಕೂಡಿಟ್ಟವರು ಅರ್ಧ ಕಳೆದುಕೊಳ್ಳಬೇಕು. ಎರಡು ದಾಳಗಳ 36 ಗರಗಳಲ್ಲಿ 6 ಏಳೇ ಆಗಿರುವುದರಿಂದ ಇದು ಕೂಡಿಡುವವರ ತಲೆಯ ಮೇಲೆ ಸದಾ ತೂಗುತ್ತಿರುತ್ತದೆ. 2001ರ ಮಂಚ್ಕಿನ್ ಬಹುಪಾಲು ಎಲೆಯಾಟವೇ; ರಾಕ್ಷಸನೊಡನೆ ಕಾದಾಡಿ ಗೆಲ್ಲಲಾಗದವನು ಓಡಿಹೋಗಲು ಒಂದು ದಾಳ ಉರುಳಿಸಬೇಕು, ಐದು ಅಥವಾ ಆರು ಬಿದ್ದರೆ ಪಾರು. ಇದು ತೀರ್ಮಾನಾನಂತರದ ದಾಳವೇ, ಆದರೆ ಮೂರರಲ್ಲಿ ಒಂದರ ಸಾಧ್ಯತೆ ಎಲ್ಲರಿಗೂ ಮೊದಲೇ ತಿಳಿದಿರುತ್ತದೆ, ಹಾಗಾಗಿ ಯಾರೂ ಮೋಸಹೋದೆವೆಂದು ದೂರುವುದಿಲ್ಲ.

ಕಟಾನ್‌ನ ದಾಳಗಳ ಬಗ್ಗೆ ದೂರುಗಳಿದ್ದವು: ಎಂಟರ ನೆಲದಲ್ಲಿ ಊರು ಕಟ್ಟಿದವನಿಗೆ ಇಡೀ ಆಟದಲ್ಲಿ ಎಂಟು ಬೀಳದೆ ಹೋಗುವುದೂ ಉಂಟು. ಇದಕ್ಕೆ ಪರಿಹಾರವಾಗಿ ಬಂದದ್ದು 36 ಎಲೆಗಳ ಒಂದು ಕಟ್ಟು, ಎರಡು ದಾಳಗಳ 36 ಜೋಡಿಗಳಿಗೆ ಒಂದೊಂದರಂತೆ. ಎಂಟರ ಐದು ಎಲೆಗಳು ಆ ಕಟ್ಟಿನಲ್ಲಿ ಇದ್ದೇ ಇರುತ್ತವೆ. ದಾಳದ ಸಂಭವನೀಯತೆಗೆ ಎಲೆಯ ನೆನಪನ್ನು ತೊಡಿಸಿದ ಈ ಉಪಾಯ ಅನ್ಯಾಯವನ್ನು ತಗ್ಗಿಸಿತು, ಜೊತೆಗೆ ಎಣಿಸುವವರಿಗೆ ಮುಂದಿನದನ್ನು ಊಹಿಸುವ ಅವಕಾಶವನ್ನೂ ಕೊಟ್ಟಿತು. ಯಾವುದು ಮೇಲು ಎಂಬುದಕ್ಕೆ ಸಾರ್ವತ್ರಿಕ ಉತ್ತರವಿಲ್ಲ. ಆಟ ಯಾವ ಲೋಕವನ್ನು ತೋರಿಸಹೊರಟಿದೆ ಎಂಬುದರ ಮೇಲೆ ಅದು ನಿಂತಿದೆ.

ಗಂಜೀಫಾ ಎಂಬ ಹಳೆಯ ಎಲೆಯಾಟದ ಪ್ರಸ್ತಾಪವೂ ಇಲ್ಲಿ ಬೇಕು, ಏಕೆಂದರೆ ಅದರ ಜೀವಂತ ಕೇಂದ್ರಗಳಲ್ಲೊಂದಾದ ಸಾವಂತವಾಡಿ ನಿಪ್ಪಾಣಿಯಿಂದ ಘಟ್ಟ ಇಳಿದರೆ ಸಿಗುವ ಊರು. ದಶಾವತಾರ ಗಂಜೀಫಾದಲ್ಲಿ ದುಂಡನೆಯ 120 ಎಲೆಗಳು, ಹತ್ತು ಅವತಾರಗಳಿಗೆ ಹನ್ನೆರಡರಂತೆ. ಐದು ಅವತಾರಗಳಲ್ಲಿ ರಾಜ ಮಂತ್ರಿಗಳ ನಂತರ ಹತ್ತು ದೊಡ್ಡದಾದರೆ ಉಳಿದ ಐದರಲ್ಲಿ ಒಂದೇ ದೊಡ್ಡದು. ಹಗಲಿನ ಆಟವನ್ನು ರಾಮನಿರುವವನು, ಇರುಳಿನ ಆಟವನ್ನು ಕೃಷ್ಣನಿರುವವನು ಆರಂಭಿಸುತ್ತಾನೆ. ಅಂದರೆ ಆಟದ ಹೊರಗಿನ ಸ್ಥಿತಿಯೊಂದು, ಸೂರ್ಯ ಇದ್ದಾನೋ ಇಲ್ಲವೋ ಎಂಬುದು, ಎಲೆಯ ಅಧಿಕಾರವನ್ನು ಬದಲಿಸುತ್ತದೆ. ಹೊಸ ಎಲೆಯಾಟದಲ್ಲಿ ದಾಳಕ್ಕೆ ಕೊಡಬಹುದಾದ ಅತ್ಯಂತ ಗೌರವದ ಕೆಲಸ ಇದೇ: ಸುತ್ತಿನ ಆರಂಭದಲ್ಲಿ ಉರುಳಿ ಯಾವ ಬಣ್ಣ ತುರುಪು, ಯಾವುದರಲ್ಲಿ ಒಂದು ದೊಡ್ಡದು ಎಂದು ಸಾರಿ ಸುಮ್ಮನಾಗುವುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಛದಗಳೆಂಬ ಎಲೆಯಾಟಗಳನ್ನು ರಚಿಸುತ್ತ 360 ಎಲೆಗಳವರೆಗೂ ಹೋದರು. ಆ ಎಲೆಗಳ ಸೊಬಗಿಗೆ ಸಾಟಿಯಿಲ್ಲ. ಅಷ್ಟನ್ನು ನೆನಪಿಡಬಲ್ಲ ಆಟಗಾರರು ಎಷ್ಟಿದ್ದರು ಎಂಬುದು ಬೇರೆ ಮಾತು. ಎಲೆಗಳನ್ನು ಹೆಚ್ಚಿಸಿ ಸಾಧಿಸಲು ಹೊರಟ ವೈವಿಧ್ಯವನ್ನು ಒಂದು ದಾಳ ಅಗ್ಗದಲ್ಲಿ ಕೊಡಬಲ್ಲದು.

ಈ ತತ್ತ್ವಗಳನ್ನು ಪರೀಕ್ಷಿಸಲು ಗಡಿಭಾಗದ ಬದುಕನ್ನೇ ವಸ್ತುವಾಗಿಟ್ಟುಕೊಂಡ ಒಂದು ಆಟವನ್ನು ಕಲ್ಪಿಸಿಕೊಳ್ಳಬಹುದು. ಐವರು ಆಟಗಾರರು, ಮೊದಲು ಹೆಸರಿಸಿದ ಐದು ತಾಲ್ಲೂಕುಗಳು, ವಸ್ತು ಕೃಷ್ಣೆಯ ಮಳೆಗಾಲ. 2005, 2019 ಮತ್ತು 2021ರ ಪ್ರವಾಹಗಳನ್ನು ಕಂಡ ಈ ದಂಡೆಯ ಜನ ಪ್ರತಿ ಮಳೆಗಾಲದಲ್ಲೂ ಪತ್ರಿಕೆಯಲ್ಲಿ ಮೊದಲು ನೋಡುವುದು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ನೀರು, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ, ಬರುತ್ತಿದೆ ಎಂಬುದನ್ನು. ಮಳೆ ಸಹ್ಯಾದ್ರಿಯಲ್ಲಿ ಬಿದ್ದಾಗಿರುತ್ತದೆ, ಅಂಕಿ ತಿಳಿದಾಗಿರುತ್ತದೆ, ನೀರು ಮಾತ್ರ ಇನ್ನೂ ದಾರಿಯಲ್ಲಿರುತ್ತದೆ. ನದಿದಂಡೆಯ ಪಂಪ್‌ಸೆಟ್ ಬಿಚ್ಚಿ ಮೇಲೆ ತರುವುದು, ದನಗಳನ್ನು ಎತ್ತರಕ್ಕೆ ಹೊಡೆಯುವುದು, ಕಾಳಿನ ಚೀಲ ಸಾಗಿಸುವುದು ಎಲ್ಲವೂ ಆ ನಡುವಿನ ಅವಧಿಯಲ್ಲಿ ನಡೆಯಬೇಕು. ಗರ ಮೊದಲು, ತೀರ್ಮಾನ ಆಮೇಲೆ ಎಂಬ ಕ್ರಮವನ್ನು ನದಿಯೇ ಇಲ್ಲಿ ಪಾಲಿಸುತ್ತದೆ.

ಹೀಗಾಗಿ ಸುತ್ತಿನ ಆರಂಭದಲ್ಲಿ ಎರಡು ದಾಳ ಉರುಳಿ ಘಟ್ಟದ ಮಳೆಯನ್ನು ಹೇಳಬೇಕು. ಒಂದೇ ದಾಳ ಸಾಲದು, ಏಕೆಂದರೆ ಅದರಲ್ಲಿ ಮಹಾಮಳೆಯೂ ಸಾಧಾರಣ ಮಳೆಯೂ ಸಮಸಮವಾಗಿ ಬಂದುಬಿಡುತ್ತವೆ. ಎರಡರಲ್ಲಿ ಹತ್ತು ಅಥವಾ ಮೇಲಿನ ಮೊತ್ತ ಆರರಲ್ಲಿ ಒಂದು ಸಲ ಮಾತ್ರ. ಇಂದಿನ ಮಳೆಗೆ ನಿನ್ನೆಯದರ ನೆನಪಿಲ್ಲವೆಂದು ಆಟದ ಮಟ್ಟಿಗೆ ಒಪ್ಪಿಕೊಂಡರೆ ಈ ಕೆಲಸ ದಾಳದ್ದೇ. ಆದರೆ ಅಣೆಕಟ್ಟಿಗೆ ನೆನಪಿದೆ. ಕೃಷ್ಣೆಗೆ ನೀರು ಬಿಡುವ ಘಟ್ಟದ ಕೊಯ್ನಾ ಜಲಾಶಯ ಸುಮಾರು 105 ಟಿಎಂಸಿ ಹಿಡಿಯುತ್ತದೆ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ತುಂಬುವವರೆಗೆ ಅದು ಮಳೆಯನ್ನು ನುಂಗುತ್ತದೆ, ತುಂಬಿದ ಮೇಲೆ ಬಂದದ್ದನ್ನು ಬಂದಂತೆ ಬಿಡಬೇಕಾಗುತ್ತದೆ. ಆಟದಲ್ಲಿ ಅಣೆಕಟ್ಟಿನ ಮಿತಿ 30 ಎಂದಿಟ್ಟು ಪ್ರತಿ ಸುತ್ತಿನ ಮೊತ್ತವನ್ನು ಕೂಡಿಸುತ್ತ ಹೋದರೆ, ಎರಡು ದಾಳಗಳ ಸರಾಸರಿ 7 ಆದ್ದರಿಂದ ನಾಲ್ಕನೆಯ ಸುತ್ತಿನ ಹೊತ್ತಿಗೆ ಅದು ತುಂಬುವ ಅಂಚಿಗೆ ಬಂದಿರುತ್ತದೆ, ಐದನೆಯ ಸುತ್ತಿನಿಂದ ನದಿಗೆ ಇಳಿಯತೊಡಗುತ್ತದೆ. ಐದು ಹರಿದರೆ ಕಲ್ಲೋಳ–ಯಡೂರದಂಥ ತಗ್ಗಿನ ಸೇತುವೆ ಮುಳುಗುತ್ತದೆ, ಹತ್ತು ಹರಿದರೆ ಎತ್ತರದ್ದೂ. ತುಂಬಿದ ಅಣೆಕಟ್ಟಿನ ಕೆಳಗೆ ತಗ್ಗಿನ ಸೇತುವೆ ಮುಳುಗುವ ಸಂಭವನೀಯತೆ ಆರರಲ್ಲಿ ಐದು. ಅದೇ ದಾಳ, ಅದೇ ಮಳೆ, ಆದರೆ ಜೂನ್‌ನಲ್ಲಿ ನಿರುಪದ್ರವಿಯಾದದ್ದು ಆಗಸ್ಟ್‌ನಲ್ಲಿ ಮನೆ ಮುಳುಗಿಸುತ್ತದೆ.

ಎಲೆಗಳ ಕಟ್ಟಿಗೆ ಉಳಿಯುವುದು ಜನರ ಸಾಧನ ಸಂಪತ್ತು: ರಾಯಬಾಗ ಕಾಗವಾಡಗಳ ಕಬ್ಬು, ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ ಕಸುಬು, ದನ, ದೋಣಿ, ಪಂಪ್‌ಸೆಟ್, ಎತ್ತರದ ಜಾಗದ ನೆಂಟರ ಮನೆ. ಇವು ಖರ್ಚಾದರೆ ಮತ್ತೆ ಬರುವುದಿಲ್ಲ, ಎದುರಿನವನ ಬಳಿ ಎಷ್ಟು ಉಳಿದಿವೆಯೆಂಬುದನ್ನು ನೆನಪಿಟ್ಟುಕೊಳ್ಳಬಹುದು, ಹೀಗಾಗಿ ಚೌಕಾಸಿಗೂ ನೆರವಿಗೂ ಎಡೆಯಿದೆ. ಕಟಾನ್‌ನಂತೆ ಮಳೆಯನ್ನೂ 36 ಎಲೆಗಳಿಗೆ ಇಳಿಸಿದರೆ ಹನ್ನೆರಡರ ಎಲೆ ಒಮ್ಮೆ ಹೋದ ಮೇಲೆ ಎಲ್ಲರೂ ನಿಶ್ಚಿಂತರಾಗಿಬಿಡುತ್ತಾರೆ. ಕೃಷ್ಣಾತೀರದಲ್ಲಿ ಅಂಥ ನಿಶ್ಚಿಂತೆ ಯಾರಿಗೂ ಸಿಕ್ಕಿಲ್ಲ.

ತೀರ್ಮಾನಾನಂತರದ ದಾಳಕ್ಕೂ ಒಂದು ಜಾಗ ಬಿಡಬಹುದು. ಪಂಪ್‌ಸೆಟ್ಟನ್ನು ಈಗಲೇ ಎತ್ತಲು ಒಂದು ಎಲೆ ಖರ್ಚಾಗುತ್ತದೆ. ಇನ್ನೊಂದು ಸುತ್ತು ಬಿಟ್ಟು ನೋಡುವವನು ಒಂಟಿ ದಾಳ ಉರುಳಿಸಿ, ಐದು ಆರು ಬಿದ್ದರೆ ಅದನ್ನು ಕಳೆದುಕೊಳ್ಳಲಿ. ಸಾಧ್ಯತೆ ಎದುರಿಗಿದೆ, ಬೇಡವೆನ್ನುವ ದಾರಿಯೂ ತೆರೆದಿದೆ. ಈ ಎರಡು ಷರತ್ತುಗಳಿಲ್ಲದೆ ಸೋಲು ಗೆಲುವಿನ ತೀರ್ಪನ್ನು ದಾಳಕ್ಕೆ ಒಪ್ಪಿಸಿದರೆ ಎಲೆಯಾಟ ಗುಡುಗುಡಿಯ ಕಡೆಗೆ ಜಾರುತ್ತದೆ.

ಇಷ್ಟಾದರೂ ಬಗೆಹರಿಯದ ಒಂದು ತೊಡಕು ನಕ್ಷೆಯಲ್ಲೇ ಇದೆ. ನೀರು ಚಿಕ್ಕೋಡಿಯ ದಂಡೆಯನ್ನು ಮೊದಲು ಮುಟ್ಟಿ, ಕಾಗವಾಡದ ಉಗಾರ ಮತ್ತು ರಾಯಬಾಗದ ಕುಡಚಿಗಳ ನಡುವೆ ಹಾದು, ಆಮೇಲೆ ಅಥಣಿಯ ಕಡೆಗೆ ಹೋಗುವುದರಿಂದ ಕುಳಿತ ಕ್ರಮವನ್ನೇ ಹರಿವಿನ ಕ್ರಮವಾಗಿಸಿ ಕೆಳಗಿನವರಿಗೆ ಒಂದು ಎಲೆಯಷ್ಟು ಹೆಚ್ಚಿನ ಸಮಯ ಕೊಡಬಹುದು. ನಿಪ್ಪಾಣಿ ಈ ಸಾಲಿಗೆ ಸೇರುವುದಿಲ್ಲ. ಅದನ್ನು ಕಾಡುವ ವೇದಗಂಗಾ ದೂಧಗಂಗಾ ನದಿಗಳು ಕೊಲ್ಹಾಪುರದ ಘಟ್ಟಗಳಿಂದ ಬರುತ್ತವೆ, ಕೊಯ್ನಾದ ಅಂಕಿ ಅವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ನಿಪ್ಪಾಣಿಯ ಆಟಗಾರನಿಗೆ ಬೇರೆ ಬಣ್ಣದ ಮೂರನೆಯ ದಾಳವೊಂದು ಬೇಕು. ಅದು ಅವನ ಸರದಿಯಲ್ಲಿ ಮಾತ್ರ ಉರುಳಬೇಕು, ಮತ್ತು ಅದರ ನೀರು ಯಡೂರದ ಬಳಿ ಕೃಷ್ಣೆಗೆ ಸೇರುವುದರಿಂದ ಬಿದ್ದ ಅಂಕಿಯನ್ನು ಮುಂದಿನ ಸುತ್ತಿನಲ್ಲಿ ಉಳಿದ ನಾಲ್ವರ ಲೆಕ್ಕಕ್ಕೂ ಕೂಡಿಸಬೇಕು.